ಗ್ಯಾಸ್ ಬೆಂಕಿಗೆ ಪೌಡರ್ ಒಳ್ಳೆಯದೋ, ಸಿಒಟು (ಕಾರ್ಬನ್ ಡೈಆಕ್ಸೈಡ್) ಒಳ್ಳೆಯದೋ?

ತೀರ್ಥಹಳ್ಳಿ, ಸಾಗರದ ಕಡೆ ಹೋಮ್‌ಸ್ಟೇ, ಖಾನಾವಳಿ ನಡೆಸುವವರು 19 ಕೆಜಿ ಸಿಲಿಂಡರ್ ಇರುವ ಅಡುಗೆಮನೆಗೆ 6 ಕೆಜಿ ಡ್ರೈ ಪೌಡರ್ ಬೆಂಕಿ ನಂದಕವನ್ನೇ ಕೊಳ್ಳಿ. ಪೌಡರ್ ಉರಿಯ ರಾಸಾಯನಿಕ ಸರಪಳಿಯನ್ನೇ ಕಡಿಯುತ್ತದೆ. ಸಿಒಟು ಮುಖ್ಯವಾಗಿ ಆಮ್ಲಜನಕವನ್ನು ತಗ್ಗಿಸುತ್ತದೆ. ಕಿಟಕಿಯಿಂದ ಗಾಳಿ ಬೀಸಿದರೆ ಚದುರಿಹೋಗಿ ಉರಿ ಮತ್ತೆ ಹತ್ತಿಕೊಳ್ಳುತ್ತದೆ. ಸ್ವಿಚ್ ಬೋರ್ಡ್, ಫ್ರಿಜ್‌ಗೆ ಮಾತ್ರ ಸಿಒಟು ವಾಸಿ, ಪುಡಿಯ ರಾಡಿ ಇರುವುದಿಲ್ಲ.

ಪೌಡರ್‌ನಲ್ಲೂ ಎರಡು ಬಗೆ, ಹೆಸರು ಆರಿಸುವ ಬೆಂಕಿಯ ಬಗೆಯಿಂದ: ಎ ಎಂದರೆ ಕಟ್ಟಿಗೆಯಂಥ ಘನ, ಬಿ ಎಂದರೆ ಪೆಟ್ರೋಲ್‌ನಂಥ ದ್ರವ, ಸಿ ಎಂದರೆ ಅನಿಲ. ಬಿ.ಸಿ. ಪೌಡರ್‌ನಲ್ಲಿರುವುದು ಸೋಡಿಯಂ ಅಥವಾ ಪೊಟ್ಯಾಸಿಯಂ ಬೈಕಾರ್ಬೊನೇಟ್. ಗ್ಯಾಸ್ ಉರಿಗೆ ಪೊಟ್ಯಾಸಿಯಂನದೇ ಹೆಚ್ಚು ಪರಿಣಾಮಕಾರಿ. ಎ.ಬಿ.ಸಿ.ಯಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ಅಡಿಕೆ ಬೇಯಿಸುವ ಒಲೆ, ಸೌದೆ ರಾಶಿ ಪಕ್ಕದಲ್ಲೇ ಇದ್ದರೆ ಎ.ಬಿ.ಸಿ. ತೆಗೆದುಕೊಳ್ಳಿ, ಅದು ಕಟ್ಟಿಗೆಯ ಬೆಂಕಿಯನ್ನೂ ಆರಿಸುತ್ತದೆ. ರೀಫಿಲ್ ಮಾಡಿಸುವಾಗ ಇವೆರಡು ಬೆರೆಯಲೇಬಾರದು. ಮಲೆನಾಡಿನ ತೇವ ತಾಗಿದರೆ ಒಂದರೊಡನೊಂದು ವರ್ತಿಸಿ ಪುಡಿ ಹೆಂಟೆಗಟ್ಟುತ್ತದೆ, ಒಳಗೆ ಒತ್ತಡವೂ ಏರುತ್ತದೆ. ಒತ್ತಡ ತೋರಿಸುವ ಮಾಪಕದ ಮುಳ್ಳು ಹಸಿರಿನಲ್ಲಿದ್ದರೂ ಹೆಂಟೆಗಟ್ಟಿರುವುದು ತಿಳಿಯುವುದಿಲ್ಲ. ಕೆಲಸ ಮಾಡುತ್ತದೋ ಎಂದು ಒಮ್ಮೆ ಒತ್ತಿ ನೋಡಲೂಬೇಡಿ: ಪುಡಿ ವಾಲ್ವಿನಲ್ಲಿ ಸಿಕ್ಕಿ ಒತ್ತಡ ಸೋರಿಹೋಗುತ್ತದೆ.

ಸಿಒಟುಗೆ ಒತ್ತಡದ ಮುಳ್ಳೇ ಇಲ್ಲ, ತೂಗಿಯೇ ನೋಡಬೇಕು. ತುಂಬಿದ ಅನಿಲದಲ್ಲಿ 10% ಕಡಿಮೆಯಾದರೆ ಮತ್ತೆ ತುಂಬಿಸಿ. ಸಿಂಪಡಿಸುವಾಗ ಅನಿಲ ಹೊರಬರುವ ಕೊಂಬಿನಾಕಾರದ ಬಾಯಿಯನ್ನು ಬರಿಗೈಯಲ್ಲಿ ಹಿಡಿದರೆ ಶೀತಕ್ಕೆ ಚರ್ಮ ಸುಡುತ್ತದೆ.

ಯಾವುದೇ ಕೊಂಡರೂ, ಬೆಂಕಿ ಹತ್ತಿದಾಗ ಮೊದಲು ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಮುಚ್ಚಲಾಗದಿದ್ದರೆ ಉರಿ ಆರಿಸಬೇಡಿ. ಆರಿದ ಮೇಲೂ ಸೋರುವ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಒಂದು ಕಿಡಿಗೆ ಸ್ಫೋಟಿಸುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಬೆಂಕಿಯಿಲ್ಲದ ಬರಿಯ ಸೋರಿಕೆಗೆ 1906.