ಮೊದಲ ಅಕ್ಷರಗಳು: ವರ್ಣಮಾಲೆಯ ಸಾಲೋ, ಪದದ ದಾರಿಯೋ?

ಅ, ಆ, ಇ, ಈ ಎಂದು 49 ಅಕ್ಷರಗಳನ್ನೂ ಸಾಲಾಗಿ ತಿದ್ದಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಮನೆಯಲ್ಲಿ ಯಾರು ಬೇಕಾದರೂ ಹೇಳಿಕೊಡಬಹುದು. ಮುಂದೆ ಕಾಗುಣಿತಕ್ಕೆ, ನಿಘಂಟು ನೋಡಲಿಕ್ಕೆ ಈ ಕ್ರಮ ಬೇಕೇ ಬೇಕು. ಆದರೆ ಬರೀ ಸ್ವರ ಕಲಿತ ಮಗು ಓದುವುದಾದರೂ ಏನನ್ನು? ಋ, ಈ ಬರೆಯುವುದು ಪುಟ್ಟ ಬೆರಳಿಗೆ ಕಷ್ಟವೂ ಹೌದು.

ಇನ್ನೊಂದು ದಾರಿ, ರ, ಗ, ಸ, ದ, ಅ ಇಂಥ ಜಾಸ್ತಿ ಬಳಸುವ ಅಕ್ಷರಗಳಿಂದ ಶುರು ಮಾಡುವುದು. ಐದೇ ಅಕ್ಷರ ಬಂದರೆ ಸಾಕು. ಸರ, ಅರಸ, ಅಗಸ ಎಲ್ಲ ಓದಬಹುದು. ರ ಬರೆದ ಕೈ ಒಳಗೊಂದು ಚುಕ್ಕೆ ಇಟ್ಟರೆ ಠ ಆಯ್ತು. ‘ಗ-ರ-ಗ-ಸ’ ಅಂತ ಬೆರಳಿಟ್ಟು ಕೂಡಿಸಿ, ತಟ್ಟನೆ ‘ಗರಗಸ!’ ಎಂದು ಕೂಗುವ ಮಗುವಿನ ಖುಷಿ ನೋಡಬೇಕು.

ಒಂದನೇ ತರಗತಿಗೆ ನಾನಂತೂ ಎರಡನೆಯದನ್ನೇ ಆರಿಸುತ್ತೇನೆ. ವರ್ಣಮಾಲೆ ಜೊತೆಜೊತೆಗೆ ಬಾಯಲ್ಲಿ ಹಾಡಾಗಿ ಇರಲಿ, ತಿದ್ದಿಸಲು ಅವಸರ ಬೇಡ.