‘ಹಿಂದಿನ ದರ’ದ ನಂಬಿಕೆ ತಂದ ನಷ್ಟ: ಒಂದು ತಪಾಸಣಾ ವರದಿಯ ವಿಮರ್ಶೆ

ಅಮೆರಿಕದ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು (ಇಲಾಖೆಯ ಆಂತರಿಕ ತಪಾಸಣಾ ಕಚೇರಿ) ವಿಮಾನದ ಬಿಡಿಭಾಗ ತಯಾರಿಸುವ, ಹಲವು ಭಾಗಗಳಿಗೆ ತಾನೊಂದೇ ಮಾರಾಟಗಾರನಾಗಿರುವ ಟ್ರಾನ್ಸ್‌ಡೈಮ್ ಸಮೂಹದಿಂದ ಇಲಾಖೆ ಕೊಂಡ ಬಿಡಿಭಾಗಗಳ ದರವನ್ನು ಪರಿಶೀಲಿಸಿ 2019ರ ಫೆಬ್ರವರಿಯಲ್ಲಿ ಹೊರತಂದ ವರದಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮಾರುವವನು ಒಬ್ಬನೇ ಇರುವಾಗ ನ್ಯಾಯವಾದ ದರ ಕುದುರಿಸುವುದು ಹೇಗೆಂದು ತಿಳಿಯಬಯಸುವವರಿಗೆ ಇದು ತರಬೇತಿ ಕೈಪಿಡಿಗಳಿಗಿಂತ ಹೆಚ್ಚು ಪ್ರಯೋಜನಕಾರಿ ಎಂದು ನನ್ನ ಅಭಿಪ್ರಾಯ.

ತಪಾಸಿಗರು ಆಯ್ದುಕೊಂಡದ್ದು 47 ಬಿಡಿಭಾಗಗಳ 113 ಒಪ್ಪಂದಗಳನ್ನು. ಅವುಗಳ ಮೊತ್ತ 2.97 ಕೋಟಿ ಡಾಲರ್. ಶೇ. 15ರವರೆಗಿನ ಲಾಭವನ್ನು ಸಮಂಜಸವೆಂದು ಒಪ್ಪಿಕೊಂಡು ಲೆಕ್ಕ ಹಾಕಿದರೂ 112 ಒಪ್ಪಂದಗಳಲ್ಲಿ ಒಟ್ಟು 1.61 ಕೋಟಿ ಡಾಲರ್ ಹೆಚ್ಚುವರಿ ಲಾಭ ಕಂಡುಬಂತು, ಲಾಭದ ಪ್ರಮಾಣ ಶೇ. 17ರಿಂದ ಶೇ. 4,451ರವರೆಗೆ ಇತ್ತು. ಸೋಜಿಗವೆಂದರೆ ಖರೀದಿ ಅಧಿಕಾರಿಗಳು ನಿಯಮ ಮುರಿದಿರಲಿಲ್ಲ. ಮಾರಾಟಗಾರ ತನ್ನ ವೆಚ್ಚದ ದೃಢೀಕೃತ ವಿವರ ಕೊಡುವುದನ್ನು ಕಡ್ಡಾಯಗೊಳಿಸುವ 1962ರ ಕಾನೂನು ನಿಗದಿತ ಮೊತ್ತವನ್ನು ಮೀರಿದ ಒಪ್ಪಂದಗಳಿಗಷ್ಟೇ ಅನ್ವಯಿಸುವುದರಿಂದ (ಆಗ ಆ ಮಿತಿ 7.5 ಲಕ್ಷ ಡಾಲರ್ ಇತ್ತು, 2018ರಲ್ಲಿ 20 ಲಕ್ಷಕ್ಕೇರಿತು), ಸಣ್ಣ ಸಣ್ಣ ಆರ್ಡರುಗಳು ಅದರ ಕೈಗೆ ಸಿಗಲಿಲ್ಲ. ಅಧಿಕಾರಿಗಳು ತಾವಾಗಿಯೇ ವೆಚ್ಚದ ವಿವರ ಕೋರಿದ 16 ಸಂದರ್ಭಗಳ ಪೈಕಿ 15ರಲ್ಲಿ ಕಂಪನಿ ಕೊಡಲೊಪ್ಪಲಿಲ್ಲ. ಉಳಿದದ್ದು ಹಿಂದಿನ ಖರೀದಿ ದರದೊಡನೆ ಹೋಲಿಸುವ ದಾರಿ. ಆ ಹಿಂದಿನ ದರವೇ ಉಬ್ಬಿದ್ದಾಗ ಹೋಲಿಕೆಯು ಉಬ್ಬಿಗೆ ಮುದ್ರೆಯೊತ್ತುತ್ತದೆಯೇ ಹೊರತು ನ್ಯಾಯವನ್ನು ಅಳೆಯುವುದಿಲ್ಲ. ‘ಎಲ್‌ಪಿಪಿ’ಯ (ಹಿಂದಿನ ಖರೀದಿ ದರದ) ಮೇಲೆ ಒಂದಿಷ್ಟು ಶೇಕಡಾ ಏರಿಸಿ ಕಡತ ಮುಗಿಸುವ ನಮ್ಮ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಖರೀದಿ ವಿಭಾಗದವರು ಈ ಭಾಗವನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

ವರದಿಯಲ್ಲಿ ಕೊರತೆಗಳೂ ಇವೆ. ಮಾದರಿಯನ್ನು ಸಂಖ್ಯಾಶಾಸ್ತ್ರೀಯವಾಗಿ ಆಯ್ದಿಲ್ಲವಾದ್ದರಿಂದ ಒಟ್ಟು ಖರೀದಿಗೆ ಈ ಅಂಕಿಗಳನ್ನು ವಿಸ್ತರಿಸಲಾಗದು. ಶೇ. 15ರ ಅಳತೆಗೋಲು ತಪಾಸಿಗರದೇ ಆಯ್ಕೆ, ಕಂಪನಿ ಅದನ್ನು ಒಪ್ಪಲಿಲ್ಲ. ಭಾಷೆಯಂತೂ ಕಡತದ ಭಾಷೆಯೇ. ಸಾಮಾನ್ಯ ಓದುಗರಿಗೆ ತಾಳ್ಮೆ ಬೇಕು. ಆದರೂ ಪರಿಣಾಮದಲ್ಲಿ ಇದು ನಿರರ್ಥಕವಾಗಲಿಲ್ಲ: ಅಮೆರಿಕದ ಸಂಸತ್ತಿನ ವಿಚಾರಣೆಯ ಬಳಿಕ ಕಂಪನಿ ಅದೇ ವರ್ಷದ ಮೇ ತಿಂಗಳಲ್ಲಿ 1.61 ಕೋಟಿ ಡಾಲರನ್ನು ಮರಳಿಸಲು ಒಪ್ಪಿತು. ಇದನ್ನು ಓದುವವರು ಅದೇ ಕಚೇರಿಯ 2021ರ ಡಿಸೆಂಬರಿನ ವರದಿಯನ್ನೂ ಜೊತೆಗಿಟ್ಟುಕೊಳ್ಳಬೇಕು. ಅದೇ ಕಂಪನಿಯ 105 ಬಿಡಿಭಾಗಗಳ ಮೇಲೆ ಇನ್ನೂ 2.08 ಕೋಟಿ ಡಾಲರ್ ಹೆಚ್ಚುವರಿ ಲಾಭವನ್ನು ಅದು ಗುರುತಿಸಿದೆ.