ಶಾಲೆಯ ಗೇಟಿಗೆ ಕ್ಯಾಮೆರಾನೋ, ಮನುಷ್ಯರೋ?

ಶಿರಸಿ ಕಡೆಯ ಒಂದು ಶಾಲೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದುಕೊಳ್ಳಿ. ಸಿಸಿಟಿವಿ ಹಾಕಿಸಬೇಕೋ, ಗೇಟಿಗೆ ಊರಿನವರೊಬ್ಬರನ್ನು ಇಟ್ಟುಕೊಳ್ಳಬೇಕೋ?

ಕ್ಯಾಮೆರಾಕ್ಕೆ ತಿಂಗಳ ಸಂಬಳವಿಲ್ಲ. ಏನಾದರೂ ನಡೆದರೆ ಸಾಕ್ಷಿ ಸಿಗುತ್ತದೆ. ಆದರೆ ದೃಶ್ಯ ಉಳಿಸಿಡುವ ಪೆಟ್ಟಿಗೆ (ಡಿವಿಆರ್) ತುಂಬಿದರೆ ಹಳೆಯ ದೃಶ್ಯ ತಾನಾಗಿ ಅಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಯುಪಿಎಸ್ಸೂ ಇಲ್ಲದಿದ್ದರೆ ಅದು ಸುಮ್ನೆ ಗೋಡೆಯ ಅಲಂಕಾರ.

ಗೇಟಿನವರಿಗೆ ಸಂಬಳ ಬೇಕು, ರಜೆಯೂ ಬೇಕು. ಆದರೂ ಮಗುವಿನ ಹೆಸರು ಗೊತ್ತಿರುವುದು ಅವರಿಗೇ. ‘ಇವತ್ಯಾಕೆ ಮುಖ ಸಪ್ಪಗಿದೆ?’ ಅಂತ ಕ್ಯಾಮೆರಾ ಕೇಳಲ್ಲ, ಅಲ್ವಾ? ತಡವಾಗಿ, ನೆನೆದುಕೊಂಡು ಬಂದ ಹುಡುಗನನ್ನು ಛತ್ರಿ ಹಿಡಿದು ಒಳಗೆ ಕರೆದರೆ ಅವನಿಗೆ ಇದು ನನ್ನ ಶಾಲೆ ಅನ್ನಿಸುತ್ತದೆ. ಅದೇ ಗೇಟಿನಲ್ಲಿ ದಿನಾ ಚೀಲ ತಡಕಿ ಗದರಿದರೆ? ಆಗ ಕ್ಯಾಮೆರಾವೇ ವಾಸಿ. ಜನ ಆರಿಸುವಾಗ ಪೊಲೀಸ್ ಪರಿಶೀಲನೆ ಮಾತ್ರ ಬಿಡಬೇಡಿ.

ನನ್ನನ್ನು ಕೇಳಿದರೆ ಚಿಕ್ಕ ಶಾಲೆಗೆ ಮನುಷ್ಯರೇ ಸರಿ. ಕಾರವಾರದಲ್ಲಿ ಹೆದ್ದಾರಿ 66ರ ಪಕ್ಕ ಮೂರ್ನಾಲ್ಕು ಗೇಟಿನ ದೊಡ್ಡ ಶಾಲೆಯಾದರೆ ಕ್ಯಾಮೆರಾ. ಶೌಚಾಲಯದೊಳಗೆ ಮಾತ್ರ ಬೇಡವೇ ಬೇಡ. ಯಾವುದನ್ನು ಆರಿಸಿದರೂ ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಅದಕ್ಕೆ ಒಂದು ಡಬ್ಬಿ ಬಣ್ಣ ಸಾಕು.